ನಿದ್ದೆ ಹೋದವರನ್ನು ಕೆಲಸದಿಂದ ತೆಗೆಯಬಹುದಾ?

ಜಪಾನಿನ ಕೊಚಿಯ ಪ್ರಸಾರ ಸಂಸ್ಥೆಯಲ್ಲಿ ಒಬ್ಬ ವಾರ್ತಾವಾಚಕರಿದ್ದರು. ರಾತ್ರಿ ಅಲ್ಲೇ ಉಳಿದು, ಬೆಳಗ್ಗೆ ಎದ್ದು ರೇಡಿಯೊ ವಾರ್ತೆ ಓದುವುದು ಅವರ ಪಾಳಿ. ಎರಡು ವಾರದೊಳಗೆ ಎರಡು ಸಲ ಅವರಿಗೆ ಎಚ್ಚರವೇ ಆಗಲಿಲ್ಲ. ಒಂದು ಸಲ ವಾರ್ತೆ ಪೂರ್ತಿ ತಪ್ಪಿತು, ಇನ್ನೊಂದು ಸಲ ಅರ್ಧ ಹೋಯಿತು. ಸಂಸ್ಥೆ ಅವರನ್ನು ಕೆಲಸದಿಂದ ತೆಗೆಯಿತು. 1977ರಲ್ಲಿ ಜಪಾನಿನ ಸುಪ್ರೀಂ ಕೋರ್ಟ್ ಆ ವಜಾ ನಿಲ್ಲುವುದಿಲ್ಲ ಎಂದು ತೀರ್ಪು ಕೊಟ್ಟಿತು.

ಭಾರತದ ಕಲರ್-ಕೆಮ್ ಕಂಪನಿಯಲ್ಲಿ ರಾತ್ರಿ ಪಾಳಿಯ ಇಬ್ಬರು ಕೆಲಸಗಾರರು ನಿದ್ದೆ ಮಾಡುತ್ತಿದ್ದಾಗ ಸಿಕ್ಕಿಬಿದ್ದರು. ಅವರನ್ನೂ ವಜಾ ಮಾಡಿದರು. 1998ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ಆ ತಪ್ಪಿಗೆ ಈ ಶಿಕ್ಷೆ ವಿಪರೀತ ಜಾಸ್ತಿಯಾಯಿತು ಎಂದಿತು.

ಇನ್ನೊಂದು ಪ್ರಕರಣ ಭಾರತ್ ಫೋರ್ಜ್ ಕಂಪನಿಯದು. ಅಲ್ಲಿನ ಕೆಲಸಗಾರರೊಬ್ಬರು ಹಗಲು ಪಾಳಿಯಲ್ಲಿ, ಬೆಳಗ್ಗೆ 11.40ಕ್ಕೆ, ಕಬ್ಬಿಣದ ತಗಡಿನ ಮೇಲೆ ಮಲಗಿ ಗಾಢ ನಿದ್ದೆಯಲ್ಲಿದ್ದರು. ಅವರನ್ನೂ ತೆಗೆದರು. 2005ರಲ್ಲಿ ಅದೇ ಸುಪ್ರೀಂ ಕೋರ್ಟ್ ಈ ವಜಾವನ್ನು ಎತ್ತಿಹಿಡಿಯಿತು.

ಮೂರೂ ಕಡೆ ನಡೆದದ್ದು ನಿದ್ದೆಯೇ. ಹಾಗಿದ್ದರೆ ತೀರ್ಪು ಯಾಕೆ ಬೇರೆ ಬೇರೆ?

ಉತ್ತರ ನಿದ್ದೆಯ ಆಚೆ ಇದೆ. ಜಪಾನಿನ ವಾರ್ತಾವಾಚಕರನ್ನು ಎಬ್ಬಿಸಬೇಕಿದ್ದ ಸಹೋದ್ಯೋಗಿಯೂ ಆ ಎರಡೂ ದಿನ ನಿದ್ದೆ ಹೋಗಿದ್ದರು. ಅವರಿಗೆ ಸಿಕ್ಕಿದ್ದು ಬರೀ ಒಂದು ಎಚ್ಚರಿಕೆ. ವಾರ್ತಾವಾಚಕರ ಮೇಲೆ ಹಿಂದೆ ಇಂಥ ಯಾವ ದೂರೂ ಇರಲಿಲ್ಲ, ತಪ್ಪಾಯಿತು ಎಂದು ಅವರು ಕ್ಷಮೆಯನ್ನೂ ಕೇಳಿದ್ದರು. ಭಾರತ್ ಫೋರ್ಜ್ ಪ್ರಕರಣ ಇದಕ್ಕೆ ಉಲ್ಟಾ. ಆ ಕೆಲಸಗಾರರು ಅದಕ್ಕೂ ಮೊದಲು ಮೂರು ಸಲ ತಪ್ಪಿತಸ್ಥರು ಎಂದು ತೀರ್ಮಾನವಾಗಿತ್ತು. ಮೂರು ಸಲವೂ ಸಣ್ಣ ಶಿಕ್ಷೆ ಕೊಟ್ಟು ಅವಕಾಶ ಕೊಟ್ಟಿದ್ದರು. ಅದೆಲ್ಲ ದಾಖಲೆಯಲ್ಲಿತ್ತು.

ಆಫೀಸಿನಲ್ಲಾಗಲಿ, ಕಾರ್ಖಾನೆಯಲ್ಲಾಗಲಿ, ಸಿಬ್ಬಂದಿಯ ಸಮಸ್ಯೆ ಬಂದಾಗ ಹೆಚ್ಚಿನ ಮ್ಯಾನೇಜರ್‌ಗಳು ಕೇಳುವ ಪ್ರಶ್ನೆ ಒಂದೇ: "ಇಷ್ಟು ಮಾಡಿದ್ದಕ್ಕೆ ಇವರನ್ನು ತೆಗೆಯಬಹುದಾ?" ಕಾನೂನು ಕೇಳುವ ಪ್ರಶ್ನೆ ಅದಲ್ಲ. "ಇದಕ್ಕೂ ಮೊದಲು ನೀವು ಏನು ಮಾಡಿದಿರಿ?" ಎಂದು ಅದು ಕೇಳುತ್ತದೆ. ಮಾಲೀಕರು ಸೋಲುವ ಕೇಸುಗಳಲ್ಲಿ ಬಹಳಷ್ಟು ಈ ಎರಡನೇ ಪ್ರಶ್ನೆಗೆ ಉತ್ತರವಿಲ್ಲದೆ ಸೋಲುತ್ತವೆ. ನೌಕರನ ತಪ್ಪು ನಿಜವೇ ಇರುತ್ತದೆ. ಆದರೂ ಸೋಲುತ್ತಾರೆ.

ಕಾರಣ ಹೇಳು, ಅವರ ಮಾತು ಕೇಳು

1982ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒ, ಕೆಲಸದಿಂದ ತೆಗೆಯುವ ಬಗ್ಗೆ ಒಂದು ಒಪ್ಪಂದ ಮಾಡಿತು. ಅದರ ಸಂಖ್ಯೆ 158. ಅದು ಹೇಳುವುದು ಸರಳ. ಯಾರನ್ನಾದರೂ ಕೆಲಸದಿಂದ ತೆಗೆಯಬೇಕಾದರೆ ಸರಿಯಾದ ಕಾರಣ ಇರಬೇಕು. ಆ ಕಾರಣ ಅವರ ಸಾಮರ್ಥ್ಯಕ್ಕೋ, ನಡತೆಗೋ, ಸಂಸ್ಥೆಯ ಅಗತ್ಯಕ್ಕೋ ಸಂಬಂಧಿಸಿರಬೇಕು. ನಡತೆ ಅಥವಾ ಕೆಲಸದ ಗುಣಮಟ್ಟ ಕಾರಣವಾಗಿದ್ದರೆ, ತೆಗೆಯುವ ಮೊದಲು ಅವರ ಮಾತು ಹೇಳಿಕೊಳ್ಳಲು ಅವಕಾಶ ಕೊಡಬೇಕು. ಕಾಯಿಲೆಯಿಂದ ಕೆಲವು ದಿನ ಬರಲಿಲ್ಲ ಅನ್ನುವುದು ಕಾರಣವಾಗದು. ಗರ್ಭಿಣಿ, ಯೂನಿಯನ್ ಸದಸ್ಯ, ಕಂಪನಿಯ ವಿರುದ್ಧ ದೂರು ಕೊಟ್ಟವರು ಅನ್ನುವುದಂತೂ ಕಾರಣ ಆಗಲೇಬಾರದು.

ಭಾರತ, ಬ್ರಿಟನ್, ಅಮೆರಿಕ ಈ ಒಪ್ಪಂದಕ್ಕೆ ಅಂಗೀಕಾರ ಕೊಟ್ಟಿಲ್ಲ. ಆದರೂ ಅದರ ತಿರುಳು ಬಹಳ ದೇಶಗಳ ಕಾನೂನಿನಲ್ಲಿ ಬೇರೆ ಬೇರೆ ರೂಪದಲ್ಲಿ ಕಾಣುತ್ತದೆ. ಜಪಾನಿನಲ್ಲಿ ಕೊಚಿ ಪ್ರಕರಣದಂಥ ತೀರ್ಪುಗಳಿಂದ ಬೆಳೆದ ತತ್ವ 2007ರ ಕಾರ್ಮಿಕ ಒಪ್ಪಂದ ಕಾಯ್ದೆಯಲ್ಲಿ ಸೇರಿತು. ಒಪ್ಪಬಹುದಾದ ಕಾರಣವಿಲ್ಲದೆ, ಸಮಾಜದ ಕಣ್ಣಿಗೆ ಸರಿ ಅನ್ನಿಸದೆ ತೆಗೆದರೆ ಆ ವಜಾ ಅಸಿಂಧು. ಜರ್ಮನಿಯಲ್ಲಿ ನೌಕರರ ಮಂಡಳಿ ಇರುವ ಸಂಸ್ಥೆಯಾದರೆ, ಪ್ರತಿ ವಜಾಕ್ಕೂ ಮೊದಲು ಆ ಮಂಡಳಿಯ ಅಭಿಪ್ರಾಯ ಕೇಳಲೇಬೇಕು. ಕೇಳದಿದ್ದರೆ, ಕಾರಣ ಎಷ್ಟೇ ಗಟ್ಟಿಯಿದ್ದರೂ ವಜಾ ನಿಲ್ಲದು.

ಅಮೆರಿಕ ಬೇರೆ ದಾರಿಯಲ್ಲಿದೆ. ಅಲ್ಲಿ ಸಾಮಾನ್ಯವಾಗಿ ಯಾವಾಗ ಬೇಕಾದರೂ, ಕಾರಣ ಹೇಳದೆಯೂ ತೆಗೆಯಬಹುದು. ಮೊಂಟಾನಾ ರಾಜ್ಯ ಮಾತ್ರ 1987ರಲ್ಲಿ ಬೇರೆ ಕಾನೂನು ಮಾಡಿಕೊಂಡಿತು. ಇದನ್ನು ಕೇಳಿ "ಅಲ್ಲಿ ಎಷ್ಟು ಸುಲಭ" ಅನ್ನಿಸಬಹುದು. ಆದರೆ ಅಲ್ಲೂ ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲದೇಶ ನೋಡಿ ತೆಗೆಯುವಂತಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಅದನ್ನು ತಡೆಯುತ್ತದೆ. ಕಾರಣ ಹೇಳದೆ ತೆಗೆದ ಕಂಪನಿಗೆ, ನಾಳೆ ತಾರತಮ್ಯದ ಆರೋಪ ಬಂದಾಗ ನಿಜವಾದ ಕಾರಣ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಇವತ್ತು ಒಂದು ಕಾರಣ, ನಾಳೆ ಇನ್ನೊಂದು ಕಾರಣ ಹೇಳಿದರೆ ಎರಡೂ ಸುಳ್ಳು ಎಂದು ನ್ಯಾಯಾಲಯಕ್ಕೆ ಅನ್ನಿಸುತ್ತದೆ. ಹಾಗಾಗಿ ಅಲ್ಲಿನ ಬುದ್ಧಿವಂತ ಕಂಪನಿಗಳೂ ಎಚ್ಚರಿಕೆ ಕೊಟ್ಟು, ಬರೆದಿಟ್ಟುಕೊಂಡೇ ಮುಂದೆ ಹೋಗುತ್ತವೆ.

"ಕೇಳಿದ್ದರೂ ಅಷ್ಟೇ ಆಗುತ್ತಿತ್ತು"

ತಪ್ಪು ಕಣ್ಣೆದುರಿಗೇ ಇರುವಾಗ ವಿಚಾರಣೆ ಯಾಕೆ? ಇದು ಬಹಳ ಸಲ ಕೇಳಿಬರುವ ಮಾತು. ಈ ಮಾತಿಗೆ ಬ್ರಿಟನ್ನಿನ ಅತ್ಯುನ್ನತ ಪೀಠ 1987ರಲ್ಲಿ ಒಂದು ಉತ್ತರ ಕೊಟ್ಟಿತು. ಒಬ್ಬ ವ್ಯಾನ್ ಚಾಲಕರನ್ನು ಕಚೇರಿಗೆ ಕರೆದು, ಕೈಗೆ ಪತ್ರ ಕೊಟ್ಟು, ಅವತ್ತೇ ಮನೆಗೆ ಕಳಿಸಿದ್ದರು. ಹುದ್ದೆಗಳನ್ನು ಕಡಿತ ಮಾಡಬೇಕಿತ್ತು, ನಿಜ. ಆದರೆ ಅದಕ್ಕೂ ಮೊದಲು ಅವರ ಜೊತೆ ಯಾರೂ ಒಂದು ಮಾತೂ ಆಡಿರಲಿಲ್ಲ. ಮಾತಾಡಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ ಎಂದು ಕಂಪನಿ ವಾದಿಸಿತು. ಆ ವಾದದಿಂದ ಅನ್ಯಾಯದ ವಜಾ ನ್ಯಾಯದ್ದಾಗದು ಎಂದು ಪೀಠ ಹೇಳಿತು. ಫಲಿತಾಂಶ ಹೇಗೂ ಅದೇ ಆಗುತ್ತಿತ್ತು ಅನ್ನುವುದು ಪರಿಹಾರದ ಮೊತ್ತ ಕಡಿಮೆ ಮಾಡಲು ಕಾರಣವಾಗಬಹುದು, ಅಷ್ಟೇ.

ನನಗೆ ಈ ತೀರ್ಪು ಬಹಳ ಮುಖ್ಯ ಅನ್ನಿಸುತ್ತದೆ. ಕಾರಣ ಹೀಗಿದೆ. ತಪ್ಪು ಗ್ಯಾರಂಟಿ ಅನ್ನಿಸಿದಾಗಲೇ ನಾವು ಕೇಳುವುದನ್ನು ನಿಲ್ಲಿಸುತ್ತೇವೆ. ಆಗಲೇ ನಮ್ಮ ಲೆಕ್ಕ ತಪ್ಪುವ ಸಾಧ್ಯತೆಯೂ ಇರುತ್ತದೆ. ಎಲ್ಲರೂ ನೋಡಿದ ಜಗಳದಲ್ಲಿ ಮೊದಲು ಕೆಣಕಿದವರು ಯಾರು ಎಂದು ಯಾರಿಗೂ ಗೊತ್ತಿರುವುದಿಲ್ಲ. ದಿನಾ ಲೇಟಾಗಿ ಬರುವವರ ಪಾಳಿಯನ್ನು ಅವರಿಗೆ ಹೇಳದೆ ಬದಲಾಯಿಸಿರುತ್ತಾರೆ. ಇವೆಲ್ಲ ಕೇಳಿದರೆ ಮಾತ್ರ ಹೊರಬರುವ ಸಂಗತಿಗಳು.

ಕೇಳುವುದು ಅಂದರೆ ಏನು ಎಂಬುದನ್ನು ಭಾರತದ ಸುಪ್ರೀಂ ಕೋರ್ಟ್ 1963ರಲ್ಲೇ ಸ್ಪಷ್ಟವಾಗಿ ಹೇಳಿದೆ. ಸೂರ್ ಎನಾಮೆಲ್ ಕಂಪನಿಯ ಪ್ರಕರಣದಲ್ಲಿ ಹೇಳಿದ ಆ ಮಾತನ್ನು ಕಾರ್ಮಿಕ ಕಾನೂನು ಗೊತ್ತಿರುವವರು ಇವತ್ತಿಗೂ ನೆನೆಯುತ್ತಾರೆ. ಆರೋಪ ಏನೆಂದು ನೌಕರನಿಗೆ ಸ್ಪಷ್ಟವಾಗಿ ತಿಳಿಸಬೇಕು. ಸಾಕ್ಷಿಗಳನ್ನು ಸಾಮಾನ್ಯವಾಗಿ ಅವರ ಎದುರಿಗೇ ವಿಚಾರಿಸಬೇಕು. ಆ ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ಅವರಿಗೆ ಅವಕಾಶ ಇರಬೇಕು. ತಮ್ಮ ಪರವಾಗಿ ಸಾಕ್ಷಿ ತರಲು, ತಾವೇ ಸಾಕ್ಷಿ ಹೇಳಲು ಬಿಡಬೇಕು. ಕೊನೆಗೆ ವಿಚಾರಣಾಧಿಕಾರಿ ತಮ್ಮ ತೀರ್ಮಾನವನ್ನು ಕಾರಣ ಸಹಿತ ಬರೆಯಬೇಕು. ಇಷ್ಟರಲ್ಲಿ ಒಂದು ತಪ್ಪಿದರೂ ಆಂತರಿಕ ವಿಚಾರಣೆ ಬಿದ್ದುಹೋಗುವ ಅಪಾಯವಿದೆ.

ಪ್ರಾಯೋಗಿಕವಾಗಿ ಎಡವುವುದು ಮೊದಲ ಹೆಜ್ಜೆಯಲ್ಲೇ. "ನಿಮ್ಮ ವರ್ತನೆ ಸರಿಯಿಲ್ಲ, ಯಾಕೆ ಕ್ರಮ ತೆಗೆದುಕೊಳ್ಳಬಾರದು?" ಎಂದು ಶೋಕಾಸ್ ನೋಟಿಸ್ ಕೊಡುತ್ತಾರೆ. ಯಾವ ವರ್ತನೆ? ಯಾವ ದಿನ? ಯಾರ ಜೊತೆ? ಏನೂ ಇಲ್ಲ. ಇಂಥ ನೋಟಿಸಿಗೆ ಯಾರು ತಾನೇ ಉತ್ತರ ಬರೆಯಲು ಸಾಧ್ಯ? ದಿನಾಂಕ, ಸಮಯ, ಜಾಗ, ನಡೆದ ಘಟನೆ, ಮುರಿದ ನಿಯಮ, ಇಷ್ಟೂ ಇದ್ದರೆ ಅದು ಆರೋಪ. ಇಲ್ಲದಿದ್ದರೆ ಅದು ಬರೀ ಸಿಟ್ಟು.

ಎರಡನೆಯದು, ದೂರು ಕೊಟ್ಟವರೇ ವಿಚಾರಣೆ ಮಾಡುವುದು. ಮ್ಯಾನೇಜರ್‌ಗೂ ನೌಕರನಿಗೂ ಜಗಳ. ತನಿಖೆ ಮಾಡಿದ್ದು ಅದೇ ಮ್ಯಾನೇಜರ್, ಶಿಕ್ಷೆ ಬರೆದದ್ದೂ ಅವರೇ. ಚಿಕ್ಕ ಸಂಸ್ಥೆಗಳಲ್ಲಿ ಬೇರೆ ಜನ ಇರುವುದಿಲ್ಲ ಅನ್ನುವುದು ನಿಜವಾದ ಕಷ್ಟ. ಆಗ ಹೊರಗಿನ ಒಬ್ಬರನ್ನು, ಇಬ್ಬರಿಗೂ ಸಂಬಂಧವಿಲ್ಲದವರನ್ನು ಕರೆಯುವುದು ಒಳ್ಳೆಯದು. ಖರ್ಚು ಸ್ವಲ್ಪ ಆಗಬಹುದು, ಕೋರ್ಟಿನ ಖರ್ಚಿಗಿಂತ ಕಡಿಮೆಯೇ.

ಒಂದು ಮಾತು ಸೇರಿಸಬೇಕು. ಆಂತರಿಕ ವಿಚಾರಣೆ ಕ್ರಿಮಿನಲ್ ಕೇಸ್ ಅಲ್ಲ. ಸಂಶಯಕ್ಕೆ ಜಾಗವೇ ಇಲ್ಲದಷ್ಟು ಪುರಾವೆ ಬೇಡ. ಬ್ರಿಟನ್ನಿನಲ್ಲಿ 1978ರ ಬ್ರಿಟಿಷ್ ಹೋಮ್ ಸ್ಟೋರ್ಸ್ ಪ್ರಕರಣದಿಂದ ಬಂದ ಅಳತೆಗೋಲು ಚೆನ್ನಾಗಿದೆ. ನೌಕರ ತಪ್ಪು ಮಾಡಿದ್ದಾನೆಂದು ಮಾಲೀಕರು ಪ್ರಾಮಾಣಿಕವಾಗಿ ನಂಬಿದ್ದರೇ? ಆ ನಂಬಿಕೆಗೆ ಆಧಾರ ಇತ್ತೇ? ಆ ಆಧಾರ ಸಿಕ್ಕಿದ್ದು ಸರಿಯಾಗಿ ವಿಚಾರಿಸಿದ ಮೇಲೆಯೇ? ಒಬ್ಬ ಸಾಮಾನ್ಯ ಮ್ಯಾನೇಜರ್ ಕೂಡ ತನ್ನನ್ನು ತಾನು ಕೇಳಿಕೊಳ್ಳಬಹುದಾದ ಪ್ರಶ್ನೆಗಳಿವು.

ಮೂರು ವರ್ಷ ಸುಮ್ಮನಿದ್ದವರು

ಈಗ ನಿಜವಾದ ಕಷ್ಟಕ್ಕೆ ಬರೋಣ. ಕಳ್ಳತನ, ಹೊಡೆದಾಟ, ಸುಳ್ಳು ಬಿಲ್, ಇವು ಎದ್ದು ಕಾಣುವ ತಪ್ಪುಗಳು. ಮ್ಯಾನೇಜರ್‌ಗಳ ನಿದ್ದೆ ಕೆಡಿಸುವುದು ಬೇರೆ ಥರದವರು. ಕೆಲಸ ಮಾಡುತ್ತಾರೆ, ಆದರೆ ಅರೆಬರೆ. ಮೀಟಿಂಗಿನಲ್ಲಿ ಹೂಂ ಅನ್ನುತ್ತಾರೆ, ಆಮೇಲೆ ಮಾಡುವುದಿಲ್ಲ. ಹೊಸಬರನ್ನು ಹೀಯಾಳಿಸುತ್ತಾರೆ. ಯಾವುದೂ ಒಂದೊಂದಾಗಿ ದೊಡ್ಡದಲ್ಲ. ಒಟ್ಟು ಸೇರಿಸಿದರೆ ತಂಡ ಸುಸ್ತಾಗಿರುತ್ತದೆ.

ಇಂಥವರ ವಿಷಯದಲ್ಲಿ ಏನಾಗುತ್ತದೆ ಗೊತ್ತಾ? ಮೊದಲ ವರ್ಷ ಮ್ಯಾನೇಜರ್ "ಸರಿ ಹೋಗ್ತಾರೆ ಬಿಡಿ" ಎಂದು ಸುಮ್ನೆ ಇರುತ್ತಾರೆ. ಎರಡನೇ ವರ್ಷ ಅವರ ಕೆಲಸವನ್ನು ಬೇರೆಯವರಿಗೆ ಕೊಡುತ್ತಾರೆ. ಅಪ್ರೈಸಲ್ ಬಂದಾಗ ಜಗಳ ಯಾಕೆ ಎಂದು "ಉತ್ತಮ" ಎಂದು ಬರೆಯುತ್ತಾರೆ. ಮೂರನೇ ವರ್ಷ ಒಂದು ದಿನ ತಾಳ್ಮೆ ತಪ್ಪುತ್ತದೆ. "ಇವರನ್ನು ಈ ವಾರವೇ ಕಳಿಸಿ" ಎಂದು ಎಚ್‌ಆರ್‌ಗೆ ಫೋನ್ ಮಾಡುತ್ತಾರೆ. ಎಚ್‌ಆರ್ ಫೈಲ್ ತೆಗೆದು ನೋಡಿದರೆ ಒಳಗೆ ಇರುವುದು ಮೂರು ವರ್ಷದ ಹೊಗಳಿಕೆ.

ಆ ಫೈಲ್ ಹಿಡಿದುಕೊಂಡು ಯಾವ ವಕೀಲರೂ ಹೆಚ್ಚೇನೂ ಮಾಡಲಾರರು. ನೌಕರರ ಕಡೆಯಿಂದ ನೋಡಿದರೆ ಅವರು ಕೇಳುವುದೂ ನ್ಯಾಯವೇ: "ಮೂರು ವರ್ಷ ಚೆನ್ನಾಗಿದೆ ಅಂದಿರಿ. ಇವತ್ತು ಒಂದೇ ಸಲ ಕೆಟ್ಟವನಾದೆನಾ?" ಅವರಿಗೆ ತಮ್ಮ ಕೆಲಸ ಸರಿಯಿಲ್ಲ ಎಂದು ಯಾರೂ ಹೇಳಿಯೇ ಇಲ್ಲ. ತಿದ್ದಿಕೊಳ್ಳಲು ಬೇಕಾದ ಮಾಹಿತಿಯನ್ನೇ ಕೊಡದೆ, ತಿದ್ದಿಕೊಳ್ಳಲಿಲ್ಲ ಎಂದು ಶಿಕ್ಷಿಸಿದ ಹಾಗಾಯಿತು. ಆ ಮೂರು ವರ್ಷದ ಮೌನ ದಯೆಯ ಹಾಗೆ ಕಂಡರೂ ದಯೆ ಅಲ್ಲ. ಒಬ್ಬರ ಜೀವನೋಪಾಯವನ್ನು ಕತ್ತಲಲ್ಲಿಟ್ಟ ಹಾಗೆ. ಇದನ್ನು ನಾನು ಸ್ವಲ್ಪ ಖಾರವಾಗಿಯೇ ಹೇಳುತ್ತಿದ್ದೇನೆ, ಯಾಕೆಂದರೆ ಒಳ್ಳೆಯ ಮನಸ್ಸಿನ ಮ್ಯಾನೇಜರ್‌ಗಳೇ ಈ ತಪ್ಪು ಜಾಸ್ತಿ ಮಾಡುತ್ತಾರೆ.

ಮೊದಲ ತಿಂಗಳಲ್ಲೇ ಆಡಬೇಕಾದ ಮಾತು ಅಷ್ಟು ಕಷ್ಟದ್ದಲ್ಲ. ಬಾಗಿಲು ಮುಚ್ಚಿ, ಇಬ್ಬರೇ ಕೂತು ಆಡಬೇಕು. ಹೀಗೆ ಶುರುವಾಗಬಹುದು:

"ಕಳೆದ ಎರಡು ವಾರದಲ್ಲಿ ನಾಲ್ಕು ರಿಪೋರ್ಟ್ ಬರಬೇಕಿತ್ತು. ಒಂದೇ ಬಂದಿದೆ. ಏನಾಯ್ತು?"

"ಕೆಲಸ ಜಾಸ್ತಿ ಇತ್ತು ಸರ್."

"ಆಯ್ತು. ಏನೇನು ಕೆಲಸ ಇತ್ತು ಹೇಳಿ, ಒಟ್ಟಿಗೆ ನೋಡೋಣ. ಮುಂದಿನ ವಾರದಿಂದ ಪ್ರತಿ ಶುಕ್ರವಾರ ರಿಪೋರ್ಟ್ ಬೇಕೇ ಬೇಕು. ಆಗಲ್ಲ ಅನ್ನಿಸಿದರೆ ಬುಧವಾರವೇ ನನಗೆ ಹೇಳಿ."

ಇಲ್ಲಿ ಬೈಗುಳ ಇಲ್ಲ. "ನಿಮಗೆ ಜವಾಬ್ದಾರಿ ಇಲ್ಲ" ಎಂಬ ತೀರ್ಪೂ ಇಲ್ಲ. ನಡೆದದ್ದು, ಬೇಕಾದದ್ದು, ಯಾವಾಗ ಬೇಕು, ನನ್ನಿಂದ ಏನು ಸಹಾಯ ಎಂಬುದು ಮಾತ್ರ ಇದೆ. ಅದೇ ದಿನ ಇಬ್ಬರ ನಡುವೆ ನಡೆದ ಮಾತನ್ನು ನಾಲ್ಕು ಸಾಲಿನ ಈಮೇಲ್‌ನಲ್ಲಿ ಕಳಿಸಿ, "ನಾನು ಬರೆದದ್ದರಲ್ಲಿ ಏನಾದರೂ ತಪ್ಪಿದ್ದರೆ ತಿಳಿಸಿ" ಎಂದು ಸೇರಿಸಿದರೆ ಸಾಕು. ಆರು ತಿಂಗಳ ನಂತರ ನೆನಪಿನಿಂದ ಬರೆದ ಹತ್ತು ಪುಟದ ವರದಿಗಿಂತ ಅವತ್ತೇ ಬರೆದ ಈ ನಾಲ್ಕು ಸಾಲಿಗೆ ತೂಕ ಜಾಸ್ತಿ.

ಇದರಿಂದ ಎಷ್ಟೋ ಜನ ಸರಿಹೋಗುತ್ತಾರೆ. ಸರಿಹೋಗದಿದ್ದರೆ ಬರಹದ ಎಚ್ಚರಿಕೆ, ಸುಧಾರಣೆಗೆ ಒಂದು ಅವಧಿ, ಮತ್ತೆ ಎಚ್ಚರಿಕೆ ಎಂದು ಮುಂದಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಆದರೆ ಸುಧಾರಣಾ ಅವಧಿಯನ್ನು, ಅಂದರೆ ಈಗ ಎಲ್ಲ ಕಡೆ ಬಾಯಲ್ಲಿರುವ ಪಿಐಪಿಯನ್ನು, ತೆಗೆಯುವ ನಿರ್ಧಾರ ಮಾಡಿಯಾದ ಮೇಲೆ ಫೈಲ್ ತುಂಬಿಸಲು ಬಳಸುವುದು ಮೋಸ. ಮುಟ್ಟಲಾಗದ ಗುರಿ ಕೊಟ್ಟು ಮೂವತ್ತು ದಿನ ಕಾಯುವುದು ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡಿ. ಅದನ್ನು ಪಡೆದ ನೌಕರರಿಗೆ ಮೊದಲ ದಿನವೇ ಗೊತ್ತಾಗುತ್ತದೆ.

ತಪ್ಪಾ, ಅಸಾಮರ್ಥ್ಯವಾ, ಕಾಯಿಲೆಯಾ?

ಈ ಮೂರನ್ನು ಬೇರೆ ಮಾಡದೆ ಕ್ರಮ ತೆಗೆದುಕೊಂಡರೆ ಎಡವಟ್ಟು ಖಚಿತ. ಬೇಕೆಂದೇ ಮಾಡದಿರುವುದು ನಡತೆಯ ಪ್ರಶ್ನೆ. ಅದಕ್ಕೆ ಶಿಸ್ತು ಕ್ರಮ. ಮಾಡಲು ಬರದಿರುವುದು ಸಾಮರ್ಥ್ಯದ ಪ್ರಶ್ನೆ. ಅದಕ್ಕೆ ತರಬೇತಿ, ಸಮಯ, ಬೇಕಿದ್ದರೆ ಬೇರೆ ಕೆಲಸ. ಮಾಡಲು ಆಗದಿರುವುದು ಆರೋಗ್ಯದ ಪ್ರಶ್ನೆಯಾಗಿರಬಹುದು. ಅದಕ್ಕೆ ಚಾರ್ಜ್‌ಶೀಟ್ ಕೊಡುವುದು ಕ್ರೌರ್ಯ.

ಮಾನಸಿಕ ಆರೋಗ್ಯದ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಚೆನ್ನಾಗಿ ಕೆಲಸ ಮಾಡುತ್ತಿದ್ದವರು ಕೆಲವು ತಿಂಗಳಿಂದ ಸಿಡುಕುತ್ತಾರೆ, ರಜೆ ಹೇಳದೆ ಹಾಕುತ್ತಾರೆ, ಫೋನ್ ಎತ್ತುವುದಿಲ್ಲ. ಹೊರಗಿನಿಂದ ನೋಡಿದರೆ ಅಹಂಕಾರದ ಹಾಗೆ ಕಾಣುತ್ತದೆ. ಒಳಗೆ ಖಿನ್ನತೆ ಇರಬಹುದು. 2021ರ ಡಿಸೆಂಬರ್‌ನಲ್ಲಿ ಭಾರತದ ಸುಪ್ರೀಂ ಕೋರ್ಟ್, ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಈ ಬಗ್ಗೆ ದೊಡ್ಡ ಮಾತು ಹೇಳಿತು. ಮಾನಸಿಕ ಅಸ್ವಸ್ಥತೆ ಇರುವವರ ವರ್ತನೆಗೆ ಆ ಅಸ್ವಸ್ಥತೆಯೂ ಕಾರಣವಾಗಿರುವಾಗ, ಅದೇ ವರ್ತನೆಗಾಗಿ ಶಿಸ್ತು ಕ್ರಮ ಶುರು ಮಾಡುವುದು ಪರೋಕ್ಷ ತಾರತಮ್ಯ ಎಂದಿತು. ಹಾಗಂತ ಮ್ಯಾನೇಜರ್ ಡಾಕ್ಟರ್ ಆಗಬೇಕಿಲ್ಲ, ಆಗಲೂಬಾರದು. "ನಿಮಗೆ ಏನೋ ಆಗಿದೆ" ಎಂದು ಹಣೆಪಟ್ಟಿ ಹಚ್ಚಬಾರದು. "ಇತ್ತೀಚೆಗೆ ನಿಮ್ಮಲ್ಲಿ ಬದಲಾವಣೆ ಕಾಣುತ್ತಿದೆ. ನಾವು ತಿಳಿದುಕೊಳ್ಳಬೇಕಾದದ್ದು ಏನಾದರೂ ಇದೆಯಾ?" ಎಂದು ಕೇಳಿ, ಉತ್ತರಕ್ಕೆ ಸಮಯ ಕೊಟ್ಟರೆ ಸಾಕು. ಅವರು ಹೇಳಿದ್ದು ಆ ಕೋಣೆಯಿಂದ ಹೊರಗೆ ಹೋಗಬಾರದು.

ಶಿಕ್ಷೆಯ ಅಳತೆ

ಜರ್ಮನಿಯ ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ 31 ವರ್ಷ ಕೆಲಸ ಮಾಡಿದ್ದ ಕ್ಯಾಷಿಯರ್ ಒಬ್ಬರು, ಗ್ರಾಹಕರು ಬಿಟ್ಟುಹೋಗಿದ್ದ ಬಾಟಲಿ ಠೇವಣಿಯ ಎರಡು ಚೀಟಿಗಳನ್ನು, ಅಂದರೆ ಖಾಲಿ ಬಾಟಲಿ ವಾಪಸ್ ಕೊಟ್ಟಾಗ ಸಿಗುವ ಹಣದ ಚೀಟಿಗಳನ್ನು, ತಮ್ಮ ಖರೀದಿಗೆ ಬಳಸಿಕೊಂಡರು. ಒಟ್ಟು ಬೆಲೆ 1.30 ಯೂರೊ. ಅವರನ್ನು ತಕ್ಷಣ ವಜಾ ಮಾಡಿದರು. ಇಡೀ ದೇಶ ಈ ಬಗ್ಗೆ ಮಾತಾಡಿತು. ಕೆಳಗಿನ ನ್ಯಾಯಾಲಯಗಳು ಕಂಪನಿಯ ಪರ ನಿಂತವು. 2010ರಲ್ಲಿ ಅಲ್ಲಿನ ಅತ್ಯುನ್ನತ ಕಾರ್ಮಿಕ ನ್ಯಾಯಾಲಯ ತೀರ್ಪನ್ನು ತಿರುಗಿಸಿತು. ತಪ್ಪು ತಪ್ಪೇ, ಸಣ್ಣದು ಎಂದು ತಳ್ಳಿಹಾಕಲಿಲ್ಲ. ಆದರೆ 31 ವರ್ಷ ಕೂಡಿಟ್ಟ ನಂಬಿಕೆ ಒಂದು ಘಟನೆಯಿಂದ ಪೂರ್ತಿ ಕರಗಿಹೋಗುವುದಿಲ್ಲ, ಇಲ್ಲಿ ಎಚ್ಚರಿಕೆ ಸಾಕಿತ್ತು ಎಂದಿತು.

ಭಾರತದಲ್ಲೂ ಶಿಕ್ಷೆಯ ಅಳತೆ ನೋಡುವ ಅಧಿಕಾರ ಕಾರ್ಮಿಕ ನ್ಯಾಯಾಲಯಗಳಿಗೆ ಕೈಗಾರಿಕಾ ವಿವಾದಗಳ ಕಾಯ್ದೆಯ 1971ರ ತಿದ್ದುಪಡಿಯಿಂದ ಬಂತು. ಹಿಂದೆ ವಿಚಾರಣೆ ಸರಿಯಾಗಿ ನಡೆದಿದೆಯೇ ಎಂದು ನೋಡಿ ನಿಲ್ಲಬೇಕಿತ್ತು. ಆಮೇಲೆ, ತಪ್ಪು ಸಾಬೀತಾದರೂ ಈ ತಪ್ಪಿಗೆ ವಜಾ ಜಾಸ್ತಿಯಾಯಿತು ಅನ್ನಿಸಿದರೆ ಕಡಿಮೆ ಮಾಡುವ ದಾರಿ ತೆರೆಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ಅಧಿಕಾರ ಉಳಿದಿದೆ.

ಅದೇ ಸಂಹಿತೆ ಅಮಾನತಿನ ಬಗ್ಗೆ ಒಂದು ಒಳ್ಳೆಯ ಮಾತು ಸೇರಿಸಿದೆ. ಅಮಾನತು ಮಾಡಿದ ಮೇಲೆ ವಿಚಾರಣೆಯನ್ನು ಸಾಮಾನ್ಯವಾಗಿ 90 ದಿನದೊಳಗೆ ಮುಗಿಸಬೇಕು. ಆ 90 ದಿನ ಅರ್ಧ ವೇತನ ಜೀವನಾಧಾರ ಭತ್ಯೆಯಾಗಿ ಸಿಗಬೇಕು. ನೌಕರನ ತಪ್ಪಿಲ್ಲದೆ ವಿಚಾರಣೆ ಎಳೆದರೆ ಅದು ಶೇ. 75ಕ್ಕೆ ಏರಬೇಕು. ಅಮಾನತು ಶಿಕ್ಷೆಯಲ್ಲ, ವಿಚಾರಣೆಗೆ ಅಡ್ಡಿಯಾಗದಿರಲಿ ಎಂದು ದೂರ ಇಡುವುದು ಅಷ್ಟೇ. ಅದನ್ನೇ ಶಿಕ್ಷೆಯಂತೆ ಬಳಸಿ, ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸಿ, ಸುಸ್ತಾಗಿ ಬಿಟ್ಟುಹೋಗಲಿ ಎಂದು ಕಾಯುವವರಿದ್ದಾರೆ.

ಈ ರಕ್ಷಣೆಗಳೆಲ್ಲ ಎಲ್ಲರಿಗೂ ಸಿಗುವುದಿಲ್ಲ ಅನ್ನುವುದನ್ನೂ ಹೇಳಲೇಬೇಕು. ಮ್ಯಾನೇಜರ್ ಮಟ್ಟದವರು ಸಂಹಿತೆಯ "ಕಾರ್ಮಿಕ" ಎಂಬ ಪದದ ಒಳಗೆ ಬರುವುದಿಲ್ಲ. ಅವರಿಗೆ ಉಳಿಯುವುದು ನೇಮಕಾತಿ ಪತ್ರದ ಷರತ್ತುಗಳು. ಸೇವಾ ನಿಯಮಗಳನ್ನು ಬರೆದು ಪ್ರಮಾಣೀಕರಿಸಬೇಕು ಅನ್ನುವ ಭಾಗ ಈಗ 300 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ. ಈ ಮಿತಿ ಏರಿಸಿದ್ದು ನನಗೆ ಸರಿ ಕಾಣುವುದಿಲ್ಲ. ನಿಯಮ ಬರೆದಿರುವುದು ಕಾರ್ಮಿಕರಿಗೆ ಎಷ್ಟು ಬೇಕೋ, ಚಿಕ್ಕ ಸಂಸ್ಥೆಯ ಮಾಲೀಕರಿಗೂ ಅಷ್ಟೇ ಬೇಕು. ಯಾವುದು ತಪ್ಪು ಎಂದು ಎಲ್ಲೂ ಬರೆದಿಡದಿದ್ದರೆ, ತಪ್ಪು ಮಾಡಿದಿರಿ ಎಂದು ಹೇಳುವುದಾದರೂ ಹೇಗೆ?

ರಾಜೀನಾಮೆ ಬರೆಸುವುದು

ವಿಚಾರಣೆ, ನೋಟಿಸ್ ಇದೆಲ್ಲ ರಗಳೆ ಅನ್ನಿಸಿದಾಗ ಹಲವರು ಹಿಡಿಯುವ ಅಡ್ಡದಾರಿ ಇದು. ಒಂದು ಕೋಣೆಗೆ ಕರೆಯುತ್ತಾರೆ. ಎದುರಿಗೆ ಮೂವರು ಕೂತಿರುತ್ತಾರೆ. "ಈಗಲೇ ರಾಜೀನಾಮೆ ಕೊಟ್ಟರೆ ಅನುಭವ ಪತ್ರ ಚೆನ್ನಾಗಿ ಬರುತ್ತದೆ. ಇಲ್ಲವೆಂದರೆ ವಜಾ" ಎನ್ನುತ್ತಾರೆ. ಕೈಯಲ್ಲಿದ್ದ ಲ್ಯಾಪ್‌ಟಾಪ್ ಆಗಲೇ ಲಾಕ್ ಆಗಿರುತ್ತದೆ. ಇನ್ನೊಂದು ವಿಧಾನ ನಿಧಾನದ್ದು. ಕೆಲಸ ಕಿತ್ತುಕೊಳ್ಳುವುದು, ಮೀಟಿಂಗಿಗೆ ಕರೆಯದಿರುವುದು, ದೂರಕ್ಕೆ ವರ್ಗ ಮಾಡುವುದು, ತಾವಾಗಿಯೇ ಹೋಗುವ ತನಕ.

ಕಾಗದದ ಮೇಲೆ ರಾಜೀನಾಮೆ ಇದ್ದ ಮಾತ್ರಕ್ಕೆ ಕಾನೂನು ಅದನ್ನು ರಾಜೀನಾಮೆ ಎಂದೇ ನೋಡಬೇಕಿಲ್ಲ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಂಥ ಹಲವು ದೇಶಗಳಲ್ಲಿ, ಮಾಲೀಕರ ನಡೆಯಿಂದ ಬೇರೆ ದಾರಿಯೇ ಇಲ್ಲದೆ ಬಿಟ್ಟುಹೋದರೆ ಅದು ವಜಾಕ್ಕೆ ಸಮ. ಫ್ರಾನ್ಸ್ ಇನ್ನೂ ಮುಂದೆ ಹೋಯಿತು. ಫ್ರಾನ್ಸ್ ಟೆಲಿಕಾಂ ಕಂಪನಿ 2006ರಿಂದ 2008ರೊಳಗೆ 22,000 ಹುದ್ದೆ ಕಡಿಮೆ ಮಾಡಲು ಹೊರಟಿತು. ಅಲ್ಲಿನ ಬಹಳಷ್ಟು ನೌಕರರಿಗೆ ಸರ್ಕಾರಿ ಸೇವೆಯ ರಕ್ಷಣೆ ಇತ್ತು, ಸುಲಭವಾಗಿ ತೆಗೆಯುವಂತಿರಲಿಲ್ಲ. ಹಾಗಾಗಿ ಉಸಿರುಗಟ್ಟುವ ವಾತಾವರಣ ಸೃಷ್ಟಿಯಾಯಿತು. ಆ ವರ್ಷಗಳಲ್ಲಿ ಹಲವು ನೌಕರರು ಪ್ರಾಣ ಕಳೆದುಕೊಂಡರು. 2019ರ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ಕಂಪನಿಯನ್ನೂ ಅದರ ಹಿಂದಿನ ಮುಖ್ಯಸ್ಥರನ್ನೂ ಮಾನಸಿಕ ಕಿರುಕುಳದ ಅಪರಾಧಿಗಳು ಎಂದು ತೀರ್ಮಾನಿಸಿತು. 2025ರ ಜನವರಿಯಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯ ಮುಖ್ಯಸ್ಥರ ಮೇಲಿನ ತೀರ್ಪನ್ನು ಎತ್ತಿಹಿಡಿಯಿತು. ಕಿರುಕುಳ ಒಬ್ಬ ಕೆಟ್ಟ ಮೇಲಧಿಕಾರಿಯಿಂದ ಮಾತ್ರ ಆಗಬೇಕಿಲ್ಲ, ಕಂಪನಿಯ ನೀತಿಯೇ ಕಿರುಕುಳವಾಗಬಹುದು ಎಂದು ಇದರಿಂದ ಸ್ಪಷ್ಟವಾಯಿತು.

ದೂರು ಕೊಟ್ಟವರೇ "ಸಮಸ್ಯೆ" ಆದಾಗ

ಕಷ್ಟದ ಸಿಬ್ಬಂದಿ ಎಂದು ಹಣೆಪಟ್ಟಿ ಹಚ್ಚಿಸಿಕೊಂಡವರೆಲ್ಲ ನಿಜಕ್ಕೂ ಹಾಗಿರುವುದಿಲ್ಲ. ಸುರಕ್ಷತೆ ಸರಿಯಿಲ್ಲ ಎಂದು ಬರೆದವರು, ಓವರ್‌ಟೈಂ ಕೇಳಿದವರು, ಕಿರುಕುಳದ ದೂರು ಕೊಟ್ಟವರು, ಇವರ ಮೇಲೆ ಆಮೇಲೆ ಹಠಾತ್ತಾಗಿ ಮೆಮೊಗಳು ಬರಲು ಶುರುವಾಗುತ್ತವೆ. ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ಹಲವು ವರ್ಷಗಳಿಂದ ಅತಿ ಹೆಚ್ಚು ಬರುತ್ತಿರುವ ಆರೋಪ ಇದೇ: ದೂರು ಕೊಟ್ಟಿದ್ದಕ್ಕೆ ಸೇಡು. ಮೂಲ ದೂರು ಸಾಬೀತಾಗದಿದ್ದರೂ ಸೇಡಿನ ಕೇಸ್ ಗೆಲ್ಲಬಹುದು. ಹಾಗಾಗಿ ದೂರು ಬಂದ ಮೇಲೆ ಆ ನೌಕರರ ಮೇಲೆ ಯಾವ ಕ್ರಮಕ್ಕೂ ಮೊದಲು ಒಂದು ಸಲ ನಿಂತು ಕೇಳಿಕೊಳ್ಳಬೇಕು: ಈ ದೂರು ಇಲ್ಲದಿದ್ದರೂ ನಾವು ಇದನ್ನೇ ಮಾಡುತ್ತಿದ್ದೆವಾ?

ಲೈಂಗಿಕ ಕಿರುಕುಳದ ದೂರಿಗೆ ದಾರಿ ಬೇರೆ. ಭಾರತದಲ್ಲಿ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿನಿಂದ ಹುಟ್ಟಿ 2013ರಲ್ಲಿ ಕಾಯ್ದೆಯಾದ ವ್ಯವಸ್ಥೆಯಲ್ಲಿ, ಹತ್ತು ಅಥವಾ ಹೆಚ್ಚು ಜನ ಇರುವ ಪ್ರತಿ ಕೆಲಸದ ಜಾಗದಲ್ಲೂ ಆಂತರಿಕ ಸಮಿತಿ ಇರಲೇಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ಹೆಸರುಗಳು ಗುಟ್ಟಾಗಿರಬೇಕು. ಮ್ಯಾನೇಜರ್ "ಇಬ್ಬರನ್ನೂ ಕೂರಿಸಿ ಮಾತಾಡಿ ಮುಗಿಸುತ್ತೇನೆ" ಅನ್ನುವಂತಿಲ್ಲ. ಮನೆಯಿಂದ ಕೆಲಸ ಮಾಡುವಾಗ ಬಂದ ಮೆಸೇಜು, ಕೆಲಸದ ಪ್ರಯಾಣ, ಕಂಪನಿ ಕೊಟ್ಟ ವಸತಿ, ಇವೂ ಕೆಲಸದ ಜಗತ್ತೇ ಎಂದು ಐಎಲ್‌ಒ 2019ರ ತನ್ನ 190ನೇ ಒಪ್ಪಂದದಲ್ಲಿ ಹೇಳಿದೆ. "ಅದು ಆಫೀಸಿನ ಹೊರಗೆ ನಡೆದದ್ದು" ಎಂದು ಕೈ ತೊಳೆದುಕೊಳ್ಳುವುದು ಈಗ ಕಷ್ಟ.

ನೋಟಿಸ್ ನಿಮ್ಮ ಕೈಗೆ ಬಂದರೆ

ಇಷ್ಟು ಹೊತ್ತು ಮೇಜಿನ ಆ ಕಡೆ ಕೂತವರ ಬಗ್ಗೆ ಬರೆದೆ. ಈ ಕಡೆ ಕೂತವರಿಗೂ ಎರಡು ಮಾತು.

ನೋಟಿಸ್ ತೆಗೆದುಕೊಳ್ಳಲು ನಿರಾಕರಿಸಬೇಡಿ. ಅದರಿಂದ ಲಾಭವಿಲ್ಲ, ನಿರಾಕರಿಸಿದರು ಎಂದು ಬರೆದು ಮುಂದೆ ಹೋಗುತ್ತಾರೆ. ತೆಗೆದುಕೊಂಡು, "ಸ್ವೀಕರಿಸಿದ್ದೇನೆ" ಎಂದು ದಿನಾಂಕ ಹಾಕಿ ಸಹಿ ಮಾಡಿ. ಸ್ವೀಕರಿಸುವುದು ಒಪ್ಪಿಕೊಂಡಂತೆ ಅಲ್ಲ. ಅದೇ ರಾತ್ರಿ ಸಿಟ್ಟಿನಲ್ಲಿ ಉತ್ತರ ಬರೆಯಬೇಡಿ. ಆರೋಪ ಅಸ್ಪಷ್ಟವಾಗಿದ್ದರೆ ವಿವರ ಕೇಳಿ, ದಾಖಲೆಗಳ ಪ್ರತಿ ಕೇಳಿ, ಸಮಯ ಬೇಕಿದ್ದರೆ ಅದನ್ನೂ ಬರವಣಿಗೆಯಲ್ಲೇ ಕೇಳಿ. ಒಂದೊಂದು ಆರೋಪಕ್ಕೂ ಬೇರೆ ಬೇರೆ ಉತ್ತರ ಕೊಡಿ. ತಪ್ಪಾಗಿದ್ದರೆ ಎಷ್ಟು ತಪ್ಪಾಗಿದೆಯೋ ಅಷ್ಟನ್ನು ಒಪ್ಪಿಕೊಂಡು, ಯಾಕಾಯಿತು ಎಂದು ಬರೆಯಿರಿ. ಆ ಜಪಾನಿನ ವಾರ್ತಾವಾಚಕರ ಪರವಾಗಿ ನಿಂತ ಸಂಗತಿಗಳಲ್ಲಿ ಅವರು ಕೇಳಿದ್ದ ಕ್ಷಮೆಯೂ ಒಂದು.

ರಾಜೀನಾಮೆಗೆ ಒತ್ತಾಯ ಬಂದರೆ, "ಯೋಚಿಸಿ ನಾಳೆ ಹೇಳುತ್ತೇನೆ" ಎಂದು ಎದ್ದು ಬರುವ ಹಕ್ಕು ನಿಮಗಿದೆ. ಹೊರಗೆ ಬಂದ ತಕ್ಷಣ ಯಾರು ಏನು ಹೇಳಿದರು ಎಂದು ಬರೆದು, ನಿಮ್ಮ ಸ್ವಂತ ಈಮೇಲ್‌ಗೆ ಕಳಿಸಿಕೊಳ್ಳಿ. ಕಂಪನಿಯ ಗುಟ್ಟಿನ ಫೈಲುಗಳನ್ನು ಮಾತ್ರ ಕಳಿಸಿಕೊಳ್ಳಬೇಡಿ, ಅದೇ ಹೊಸ ಆರೋಪವಾದೀತು. ಗಡುವುಗಳ ಮೇಲೆ ಕಣ್ಣಿಡಿ. ಜರ್ಮನಿಯಲ್ಲಿ ವಜಾ ಪ್ರಶ್ನಿಸಲು ಇರುವುದು ಬರೀ ಮೂರು ವಾರ. ಬೇರೆ ಕಡೆ ಅವಧಿ ಬೇರೆ ಇರಬಹುದು, ಆದರೆ ಅವಧಿ ಅಂತ ಒಂದು ಇದ್ದೇ ಇರುತ್ತದೆ. ವಕೀಲರನ್ನೋ ಯೂನಿಯನ್ನಿನವರನ್ನೋ ಮೊದಲ ವಾರದಲ್ಲೇ ನೋಡಿ.

ಕೊನೆಗೆ ಬಿಡಲೇಬೇಕಾಯಿತು ಎಂದಾದರೆ ಬಾಕಿ ಸಂಬಳ ಕೇಳಲು ಸಂಕೋಚ ಬೇಡ. ಭಾರತದ ವೇತನ ಸಂಹಿತೆಯ ಪ್ರಕಾರ, ತೆಗೆದರೂ ನೀವೇ ಬಿಟ್ಟರೂ, ಬರಬೇಕಾದ ವೇತನ ಎರಡು ಕೆಲಸದ ದಿನದೊಳಗೆ ಕೈ ಸೇರಬೇಕು.